ಎಮ್ಮೆಗಳ ನಡುವೆ ಒಂದು ಒಂಟೆ

ಮೊನ್ನೆ ರಾಯಚೂರಿನಲ್ಲಿ ಯಾರದೋ ಮದುವೆಯ ಮೆರವಣಿಗೆಯನ್ನು ನಡುರಸ್ತೆಯಲ್ಲಿ ನಿಲ್ಲಿಸಿಬಿಟ್ಟೆ. ನಿಲ್ಲಿಸಬೇಕು ಅಂತ ಹೋದವಳಲ್ಲ. ಆಟೋದಲ್ಲಿ ಸ್ಟೇಷನ್ ಕಡೆಗೆ ಹೊರಟಿದ್ದೆ. ಎದುರಿಗೆ ಬ್ಯಾಂಡಿನವರು ಬಂದರು, ಅವರ ಹಿಂದೆ ಒಂದು ಒಂಟೆ. ಮೈಮೇಲೆ ಕನ್ನಡಿ ಹೊಲಿದ ಜೂಲು, ಕಾಲಿಗೆ ಗೆಜ್ಜೆಪಟ್ಟಿ. ಅದು ಪಕ್ಕದಲ್ಲಿ ಹಾದುಹೋಗುವಾಗ ವಾಸನೆ ಆಟೋದ ಒಳಗೆ ಬಂತು. ನೆನೆದ ಕಂಬಳಿಯೂ ಹುಳಿ ಹಿಡಿದ ಮೇವೂ ಕೂಡಿದಂಥ ವಾಸನೆ. ಅಷ್ಟಕ್ಕೇ ನನ್ನ ಕೈಕಾಲು ಸುಮ್ಮನಿರಲಿಲ್ಲ. ಇಳಿದು, ಕ್ಲಾರಿನೆಟ್ ಊದುವವನನ್ನು ಸರಿಸಿಕೊಂಡು ಹೋಗಿ, ಒಂಟೆಯ ಹಗ್ಗ ಹಿಡಿದು ತಲೆ ಬಗ್ಗಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ.

"ಏ ಮೇಡಂ, ಏನ್ ಮಾಡಾಕತ್ತೀರಿ? ಕಚ್ಚತದ ಅದು!" ಅಂದ ಒಂಟೆಯವನು.

"ಇದನ್ನ ಎಲ್ಲಿ ಕಟ್ತೀರಿ?"

"ಮನಿ ಮುಂದ ಕಟ್ತೀವಿ. ಯಾಕ್ರಿ?"

"ಆಜೂಬಾಜೂ ಎಮ್ಮಿ ಅದಾವೇನು?"

ಅವನು ನನ್ನ ಮುಖ ನೋಡಿದ, ಬ್ಯಾಂಡಿನವರ ಮುಖ ನೋಡಿದ. ಬೀಗರ ಕಡೆಯ ಹಿರಿಯರೊಬ್ಬರು ಬಂದು, "ಯವ್ವಾ, ಅಲ್ಲಿ ಅಕ್ಕಿಕಾಳಿನ ಮುಹೂರ್ತಕ್ಕ ಹೊತ್ತಾಗ್ತದ, ದಾರಿ ಬಿಡ್ರಿ" ಅಂದರು. ಬಿಟ್ಟೆ. ರೆಪ್ಪೆಯ ಒಳಗೆ ಕೆಂಪಿತ್ತು, ಒಳ್ಳೆಯ ಆರೋಗ್ಯದ ಕೆಂಪು. ಆದರೂ ಆಟೋ ಹತ್ತಿದ ಮೇಲೆ ಹಿಂತಿರುಗಿ ಅದನ್ನೇ ನೋಡುತ್ತಿದ್ದೆ. ಚಾಲಕ ಸ್ಟೇಷನ್ ಬರುವವರೆಗೂ ಕನ್ನಡಿಯಲ್ಲಿ ನನ್ನ ಮೇಲೆ ಒಂದು ಕಣ್ಣಿಟ್ಟಿದ್ದ. ನಾನಾಗಿದ್ದರೂ ಇಡುತ್ತಿದ್ದೆ.

ನಾನು ದನದ ಡಾಕ್ಟರು. ಈಗ ಹೇಳಹೊರಟ ಕಥೆ ನಡೆದಾಗ ದೇವದುರ್ಗದ ಪಶು ಆಸ್ಪತ್ರೆಯಲ್ಲಿದ್ದೆ, ಗಬ್ಬೂರಿನ ಪ್ರಭಾರವೂ ನನ್ನ ತಲೆಗೇ ಬಿದ್ದಿತ್ತು. ಹುಟ್ಟಿದ್ದು ಯರಗೇರಾದಲ್ಲಿ. ನೌಕರಿ ಇದೇ ಜಿಲ್ಲೆಯಲ್ಲಿ ಸಿಕ್ಕಿತೆಂದು ಮನೆಮಂದಿಯೆಲ್ಲ ಹಿಗ್ಗಿದರು, ನಾನೊಬ್ಬಳೇ ಚಡಪಡಿಸಿದೆ. ಒಂದು ಕಡೆ ಕೂತರೆ ನನಗೆ ಮೈಯೆಲ್ಲ ಇರುವೆ ಹರಿದಂತಾಗುತ್ತದೆ. "ಈಕಿ ಕಾಲಿಗೆ ಚಕ್ರ ಕಟಿಗೊಂಡೇ ಹುಟ್ಯಾಳ" ಅಂತ ನಮ್ಮವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಯಾವುದಾದರೂ ದೊಡ್ಡ ಪ್ರಯೋಗಾಲಯ ಇರುವ ಊರಿಗೆ ಹಾಕಿ ಅಂತ ವರ್ಗಾವಣೆಗೆ ಅರ್ಜಿ ಕೊಟ್ಟು, ಉತ್ತರ ಬರದೆ, ಕಂಡಕಂಡವರ ಮೇಲೆ ಸಿಡುಕುತ್ತಿದ್ದ ಕಾಲ ಅದು.

ಆ ವರ್ಷ ಮುಂಗಾರಿ ಕೈಕೊಟ್ಟಿತು, ಅದರ ಬಾಕಿಯನ್ನೆಲ್ಲ ಉತ್ತರಿ ಮಳೆ ಬಂದು ತೀರಿಸತೊಡಗಿತು. ಬಿಟ್ಟೂ ಬಿಡದೆ ಹೊಯ್ಯಿತು. ಕರಿನೆಲ ಚಪ್ಪಲಿಯನ್ನು ಕಾಲಿನಿಂದ ಕಿತ್ತುಕೊಳ್ಳುತ್ತಿತ್ತು. ಹತ್ತಿ ಹೂವಿಗೆ ಬಂದಿತ್ತು, ಹೂವಿನೊಳಗೆ ನೀರು ನಿಂತಿತ್ತು. ಮಳೆ ಸ್ವಲ್ಪ ಬಿಟ್ಟು ಬಿಸಿಲು ಬಿದ್ದರೆ ಸಾಕು, ಎಲ್ಲಿದ್ದವೋ ಅನ್ನುವಂತೆ ನೊಣ ಏಳುತ್ತಿದ್ದವು. ಮನೆಯ ನೊಣವಲ್ಲ. ದನಕ್ಕೆ ಕಚ್ಚುವ ದೊಡ್ಡ ನೊಣ, ಕಚ್ಚಿದ ಕಡೆ ರಕ್ತದ ಹನಿ ನಿಲ್ಲಿಸಿ ಹೋಗುವಂಥದು. ಅದರ ಮೇಲಿನ ಸಿಟ್ಟು ನನಗೆ ಈಗಲೂ ಇದೆ.

ಅಂಥ ಒಂದು ಬೆಳಗ್ಗೆ ಗಬ್ಬೂರಿನಿಂದ ಶರಣಪ್ಪ ತಾತನ ಫೋನು ಬಂತು. ತಾತ ಊರಿನ ದೊಡ್ಡ ರೈತರಲ್ಲ, ಸಣ್ಣವರೂ ಅಲ್ಲ. ಹಣೆತುಂಬ ವಿಭೂತಿ, ಮೂರ್ನಾಲ್ಕು ಎಮ್ಮೆ, ಊರಿನ ಹತ್ತಾರು ಮನೆಗೆ ಹಾಲಿನ ವರ್ತನೆ. ಎಮ್ಮೆಗೆ ಒಂದು ಕೆಮ್ಮು ಬಂದರೂ ನನಗೆ ಫೋನು ಹಚ್ಚುವವರು.

"ಡಾಕ್ಟರಮ್ಮ, ನಮ್ಮನ್ಯಾಗ ಒಂಟಿ ಮೇವು ಬಿಟ್ಟದರಿ. ಲಗೂ ಬರ್ರಿ."

"ಗಬ್ಬೂರಾಗ ಒಂಟಿ ಎಲ್ಲಿಂದ ಬಂತು ತಾತಾ?"

"ಬೀಗರು ಬಂದಂಗ ಬಂದದ. ನೀವು ಮೊದಲು ಬರ್ರಿ, ಹಿಂದಾಗಡಿ ಕೇಳ್ರಿ."

ಹೋದೆ. ತಾತನ ದನದ ಮನೆ ಉದ್ದಕ್ಕಿದೆ, ಕಲ್ಲಿನ ಗೋಡೆ, ಮೇಲೆ ತಗಡು. ಸಾಲಾಗಿ ಕಟ್ಟಿದ ಎಮ್ಮೆಗಳ ನಡುವೆ, ಒಂದು ಎಮ್ಮೆಯನ್ನು ಆಚೆ ಸರಿಸಿ ಮಾಡಿದ ಜಾಗದಲ್ಲಿ, ಮೊಣಕಾಲು ಮಡಚಿ ಒಂಟೆ ಕೂತಿತ್ತು. ಕೂತರೂ ತಲೆ ತಗಡಿಗೆ ಹತ್ತಿರ. ಅದರ ಪಕ್ಕದಲ್ಲಿ ಕೊಡಪಾನ ಬೋರಲು ಹಾಕಿ ಒಬ್ಬ ಹೆಂಗಸು ಕೂತಿದ್ದಳು. ಬೆಲ್ಲದ ಚೂರು ಅಂಗೈಯಲ್ಲಿಟ್ಟು ಒಂಟೆಯ ತುಟಿಗೆ ಹಿಡಿದು, "ಖಾ ಲೇ ಬೇಟಾ, ಖಾ ಲೇ" ಅನ್ನುತ್ತಿದ್ದಳು. ಒಂಟೆ ಮೂತಿ ತಿರುಗಿಸುತ್ತಿತ್ತು.

ಆಕೆ ಹುಸೇನಬಿ, ರಾಯಚೂರಿನವಳು. ಒಂಟೆಯ ಹೆಸರು ಚಮೇಲಿ. ಗಂಡ ಸತ್ತ ಮೇಲೆ ಹುಸೇನಬಿಯ ಹೊಟ್ಟೆ ತುಂಬಿಸಿದ್ದು ಚಮೇಲಿಯೇ. ಮದುವೆ ಮೆರವಣಿಗೆಗೆ, ಉರುಸಿಗೆ, ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಸುತ್ತು ಹಾಕಲಿಕ್ಕೆ, ಎಲ್ಲದಕ್ಕೂ ಆಕೆಯೇ ಹಗ್ಗ ಹಿಡಿದು ಮುಂದೆ ನಡೆಯುತ್ತಿದ್ದಳು. ಮಳೆಗಾಲದಲ್ಲಿ ಮೆರವಣಿಗೆ ಇಲ್ಲ, ಪೇಟೆಯಲ್ಲಿ ಮೇವಿಲ್ಲ. ಅದಕ್ಕೆ ಪ್ರತಿವರ್ಷ ಒಂಟೆ ಹೊಡೆದುಕೊಂಡು ಮಾನ್ವಿ ಕಡೆ ಕಾಲುವೆ ದಂಡೆಗೆ ಹೋಗಿ, ಅಲ್ಲಿಂದ ಸುತ್ತಿ ಗಬ್ಬೂರಿಗೆ ಬಂದು, ಜಾಲಿ ಮೇಯಿಸಿಕೊಂಡು ಕಾರ್ತಿಕದ ಹೊತ್ತಿಗೆ ಊರು ಸೇರುವುದು ರೂಢಿ. ತಾತನ ಮಗನ ಮದುವೆಯಲ್ಲಿ ಮದುಮಗನನ್ನು ಹೊತ್ತದ್ದು ಇದೇ ಚಮೇಲಿ. ಅವತ್ತಿನಿಂದ ಗಬ್ಬೂರಿಗೆ ಬಂದರೆ ತಾತನ ಮನೆಯಲ್ಲೇ ಬಿಡಾರ. ಬೇರೆ ವರ್ಷ ಅಂಗಳದ ಬೇವಿನ ಗಿಡದ ಕೆಳಗೆ ಕಟ್ಟುತ್ತಿದ್ದರು. ಈ ವರ್ಷದ ಮಳೆ ನೋಡಿ ತಾತ, "ಬಸುರಿ ಅದ, ಮಳ್ಯಾಗ ನೆನಿಬಾರದು" ಅಂತ ಹಟ ಮಾಡಿ ಒಳಗೆ ಕಟ್ಟಿಸಿದ್ದರು. ಸಂಜೆಗೆ ಎಮ್ಮೆಗಳಿಗಿಂತ ಮೊದಲು ಚಮೇಲಿಯ ಮುಂದೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದರಂತೆ.

ಹೌದು, ಬಸುರಿ. ವರ್ಷ ಮೀರಿ ಹೊರುವ ಪ್ರಾಣಿ, ಇನ್ನೇನು ಸ್ವಾತಿ ಮಳೆಯ ಹೊತ್ತಿಗೆ ಈಯಬೇಕಿತ್ತು. ಚಮೇಲಿಗೆ ವಯಸ್ಸಾಗುತ್ತಿದೆ, ಇನ್ನೊಂದು ಒಂಟೆ ಕೊಳ್ಳುವ ಶಕ್ತಿ ಹುಸೇನಬಿಗಿಲ್ಲ. ಮುಂದಿನ ಬಾಳೆಲ್ಲ ಆ ಹೊಟ್ಟೆಯೊಳಗಿತ್ತು.

ರೆಪ್ಪೆ ಎಳೆದು ನೋಡಿದೆ. ಜೋಳದ ಹಿಟ್ಟಿನ ಬಣ್ಣ. ಡುಬ್ಬ ಕರಗಿ ಒಂದು ಕಡೆಗೆ ವಾಲಿತ್ತು. ಎದೆಯ ಕೆಳಗೆ ಬಾವು. ಬೆರಳಿನಿಂದ ಒತ್ತಿದರೆ ಕುಳಿ ಹಾಗೇ ಉಳಿಯಿತು. ಜ್ವರ ಬರುತ್ತದೆ, ಬಿಡುತ್ತದೆ, ಮತ್ತೆ ಬರುತ್ತದೆ ಅಂತ ಹುಸೇನಬಿ ಹೇಳಿದಳು.

"ನಮ್ಮ ಮನಿಯವರು ಇದ್ದಿದ್ರ ಉಚ್ಚಿ ಬಿದ್ದ ಉಸುಕು ಮೂಸಿ ಹೇಳತಿದ್ರಿ, ರೋಗ ಅದ ಇಲ್ಲ ಅಂತ. ನಾನೂ ಮೂಸಿ ನೋಡೀನಿ. ಈ ಕರಿ ಮಣ್ಣು ಮಳ್ಯಾಗ ಏನ್ ಬಿದ್ರೂ ತಂದೇ ವಾಸನಿ ಹೊಡಿತದ. ತಿಳಿಯಂಗಿಲ್ಲರಿ."

ಸಗಣಿ ಹಿಚುಕಿ ನೋಡಿದೆ, ಸ್ವಲ್ಪ ಡಬ್ಬಿಗೆ ಹಾಕಿಕೊಂಡೆ. "ಹೊಟ್ಟ್ಯಾಗ ಹುಳ ಇರ್ತಾವ" ಅಂದದ್ದಕ್ಕೆ ಹುಸೇನಬಿಗೆ ಸಿಟ್ಟೇ ಬಂತು. "ಹುಳ? ನಮ್ಮ ಚಮೇಲಿಗೆ? ಮಕ್ಕಳಂಗ ಸಾಕೀನಿ ಡಾಕ್ಟರಮ್ಮ, ತೊಳದು ಒರಸಿ ಸಾಕೀನಿ" ಅಂದಳು. ತೊಳೆಯುವುದಕ್ಕೂ ಹೊಟ್ಟೆಯ ಹುಳಕ್ಕೂ ಸಂಬಂಧವಿಲ್ಲ ಅಂತ ವಿವರಿಸುವಷ್ಟು ತಾಳ್ಮೆ ನನಗಿರಲಿಲ್ಲ. ಕಿವಿಯ ನರ ಚುಚ್ಚಿ ರಕ್ತ ತೆಗೆದುಕೊಂಡು, ಸೀಸೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬಸ್ಸು ಹಿಡಿದೆ.

ದೇವದುರ್ಗದಲ್ಲಿ ಕರೆಂಟು ಹೋಗಿತ್ತು. ನಮ್ಮದು ಕೆಳಗೆ ಕನ್ನಡಿ ಇರುವ ಹಳೆಯ ಸೂಕ್ಷ್ಮದರ್ಶಕ, ಅದನ್ನೇ ಕಿಟಕಿಗೆ ಎಳೆದುಕೊಂಡು, ಮೋಡದ ಬೆಳಕಿನಲ್ಲಿ ಗಾಜಿನ ಮೇಲೆ ಒಂದು ಹನಿ ಇಟ್ಟು ನೋಡಿದೆ. ಮೊದಲು ಬರೀ ರಕ್ತಕಣ. ಆಮೇಲೆ ಒಂದು ಕಡೆ ಕಣಗಳು ತಮ್ಮಷ್ಟಕ್ಕೆ ಅಲುಗಾಡಿದವು. ಅವುಗಳ ನಡುವೆ ಬಾಲ ಹೊಡೆದುಕೊಂಡು ಏನೋ ನುಸುಳಿತು. ಇನ್ನೊಂದು. ಮತ್ತೊಂದು. ಪುಸ್ತಕದ ಚಿತ್ರದಲ್ಲಿ ಸತ್ತುಬಿದ್ದದ್ದನ್ನು ಮಾತ್ರ ನೋಡಿದ್ದವಳು ಜೀವಂತ ಓಡಾಡುವುದನ್ನು ಅವತ್ತೇ ಕಂಡದ್ದು. ಸುರ್ರಾ. ರಕ್ತದಲ್ಲಿ ಸೇರಿಕೊಂಡು, ಇದ್ದ ರಕ್ತವನ್ನೆಲ್ಲ ನೀರು ಮಾಡುವ ಜೀವಿ. ನಾಚಿಕೆಗೇಡು, ಆದರೆ ನಿಜ: ಮೊದಲ ಕ್ಷಣ ಖುಷಿಯಾಯಿತು. ಎರಡನೆಯ ಕ್ಷಣಕ್ಕೆ ಹುಸೇನಬಿಯ ಅಂಗೈಯ ಬೆಲ್ಲ ನೆನಪಾಯಿತು.

ಆ ರೋಗವನ್ನು ಒಂಟೆಗೆ ತರುವುದು ಕಚ್ಚುವ ನೊಣ. ನೊಣ ಅದನ್ನು ಎಲ್ಲಿಂದ ತರುತ್ತದೆ ಅನ್ನುವುದೇ ಪೇಚು. ಎಮ್ಮೆಯ ರಕ್ತದಲ್ಲೂ ಅದು ಇರಬಹುದು. ಎಮ್ಮೆ ಮಾತ್ರ ದುಂಡಗೆ ಮಿಂಚುತ್ತ, ಮೆಲುಕು ಹಾಕುತ್ತ, ಹಾಲು ಕೊಡುತ್ತ ಇರುತ್ತದೆ. ನೊಣ ಅಲ್ಲಿ ಕಚ್ಚಿ, ಪಕ್ಕಕ್ಕೆ ಹಾರಿ ಒಂಟೆಗೆ ಕಚ್ಚಿದರೆ ಮುಗಿಯಿತು. ನೊಣ ಕಚ್ಚುವುದು ಹಗಲಲ್ಲಿ, ತಾತ ಹೊಗೆ ಹಾಕುತ್ತಿದ್ದದ್ದು ಸಂಜೆಯಲ್ಲಿ. ಮಳೆಗೆ ನೆನೆಯದಿರಲಿ ಅಂತ ಮಾಡಿದ ಉಪಕಾರವೇ ಉರುಳಾಗಿತ್ತು. ಸೂಜಿ ಹಾಕಿ ರೋಗ ಇಳಿಸಿದರೂ, ಅದೇ ಜಾಗದಲ್ಲಿ ಕಟ್ಟಿದರೆ ಮತ್ತೆ ಹತ್ತುವುದು ಖಾತ್ರಿ.

ಮರುದಿನ ಹೋಗಿ ಇದನ್ನೆಲ್ಲ ಹೇಳಿದೆ. ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳಿದೆ. ತಾತನ ಮುಖ ಕಪ್ಪಿಟ್ಟಿತು.

"ನಮ್ಮ ಎಮ್ಮಿಗೆ ರೋಗ ಅಂತೀರಾ? ಈ ಹಾಲು ಊರಾಗ ಕೂಸು ಕುಡಿತಾವರಿ!"

"ಹಾಲಿಗೆ ಏನೂ ಆಗಂಗಿಲ್ಲ ತಾತಾ. ಜರಾ ರಕ್ತ ತಗದು ನೋಡ್ತೀನಿ ಅಷ್ಟೇ."

"ಮುಟ್ಟಬ್ಯಾಡ್ರಿ. ನನ್ನ ಎಮ್ಮಿ ರಕ್ತ ತಗದ್ರು ಅಂತ ಗೊತ್ತಾದ್ರ ನಾಳಿಂದ ಯಾರು ಹಾಲು ಹಾಕಿಸ್ಕೋತಾರ?"

"ಹಂಗಾರ ಒಂಟಿನ ಬ್ಯಾರೆ ಕಡಿ ಕಟ್ಟ್ರಿ."

"ಈ ಮಳ್ಯಾಗ? ಮನಿಗೆ ಬಂದ ಬಸುರಿನ ಹೊರಗ ಹಾಕು ಅಂತೀರೇನ್ರಿ? ಓದಿದವರು ನೀವು, ನಿಮ್ಮ ಬಾಯಾಗ ಇಂಥ ಮಾತು ಬರ್ತದಲ್ಲ!"

ಹುಸೇನಬಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹೇಳಿದೆ. ನೀನಾದರೂ ಹೊರಡು, ಒಂಟೆ ಉಳಿಯಬೇಕಾದರೆ ಎಮ್ಮೆಗಳಿಂದ ದೂರ ಹೋಗು. ಆಕೆ ಸೆರಗಿನ ತುದಿ ತಿರುವುತ್ತ ನಿಂತಳು.

"ನಾ ಹೆಂಗ ಹೋಗಲಿ ಅಮ್ಮಾ? ಅವರು ತಮ್ಮ ಎಮ್ಮಿ ಸರಿಸಿ ಜಾಗಾ ಕೊಟ್ಟಾರ. ಈಗ ಹೋದ್ರ, ನಿಮ್ಮ ಎಮ್ಮಿ ಕೆಟ್ಟಾವ ಅಂತ ಊರ ಮುಂದ ನಾನೇ ಸಾರಿದಂಗ ಆಗ್ತದ. ಮುದುಕ ಮನುಷ್ಯ, ಮುಖ ಸಣ್ಣದ ಮಾಡಿಕೊಂಡ್ರ ನನಗ ತಡಕೊಳ್ಳಾಕ ಆಗಂಗಿಲ್ಲ."

ನನ್ನ ತಲೆ ಕೆಟ್ಟುಹೋಯಿತು. ಅವರಿಗೆ ಕಳಿಸಲಿಕ್ಕೆ ಬಾರದು, ಈಕೆಗೆ ಹೋಗಲಿಕ್ಕೆ ಬಾರದು. ಇಬ್ಬರ ಮರ್ಯಾದೆಯ ನಡುವೆ ಒಂಟೆ ಸಾಯುತ್ತಿದೆ. "ಮಾಡ್ರಿ ಹಂಗಾರ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೋತ ಕೂಡ್ರಿ" ಅಂತ, ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದ ತಾತನಿಗೂ ಸೇರಿಸಿ ಕೂಗಾಡಿದೆ. ಹಿತ್ತಲಿನ ಕೋಳಿಗಳು ಚೆದುರಿದವು, ಅವರಿಬ್ಬರೂ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಇನ್ನೊಂದು ರಗಳೆ. ಹೋದ ವರ್ಷ ತಾತನ ಎತ್ತಿಗೆ ಉಣ್ಣಿ ಕಚ್ಚಿ ಜ್ವರ ಬಂದಾಗ ನಾನೇ ಹಳದಿ ಬಣ್ಣದ ಒಂದು ಔಷಧ ಕಲಸಿ ಸೂಜಿ ಹಾಕಿದ್ದೆ, ಎತ್ತು ಎದ್ದು ನಿಂತಿತ್ತು. ತಾತನಿಗೆ ಅದು ಮರೆತಿರಲಿಲ್ಲ. "ಅದೇ ಹಳದಿ ಸೂಜಿ ಹಾಕ್ರಿ" ಅಂದರು. ಅದು ಈ ರೋಗಕ್ಕೂ ನಡೆಯುವ ಔಷಧವೇ, ದನಕ್ಕಾದರೆ. ಒಂಟೆಗೆ ಅದು ಆಗಿಬರುವುದಿಲ್ಲ, ಪ್ರಾಣಕ್ಕೇ ಎರವಾಗಬಹುದು. ಹೇಳಿದರೆ ತಾತ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸರಕಾರಿ ಔಷಧ ಎತ್ತಿಗೆ ಎಮ್ಮಿಗೆ ಅಷ್ಟೇ, ಹುಸೇನಬಿ ಒಂಟಿಗೆ ಇಲ್ಲ ಅಂತ ಏನರ ಬರದಾರೇನ್ರಿ ಎಲ್ಲೆರ?"

"ಅಯ್ಯೋ ತಾತಾ, ಅದು ಒಂಟಿಗೆ ವಿಷ! ಬ್ಯಾರೆ ಔಷಧ ಬೇಕು, ಅದು ನಮ್ಮ ಜಿಲ್ಲಾದಾಗ ಸಿಗಂಗಿಲ್ಲ. ತರಿಸ್ತೀನಿ. ಅಲ್ಲೀತನಕ ಯಾರ ಕಡಿಂದೂ ಸೂಜಿ ಹಾಕಸಂಗಿಲ್ಲ ಅಂತ ಮಾತು ಕೊಡ್ರಿ."

ಎಮ್ಮೆಗಳ ಕಡೆ ಮುಖ ತಿರುಗಿಸಿ, "ಕೊಟ್ಟೀನಿ" ಅಂದರು. ಆ ಮಾತಿನಲ್ಲಿ ಪ್ರೀತಿ ಇರಲಿಲ್ಲ. ನಂಬಿಕೆಯೂ ಅಷ್ಟಕ್ಕಷ್ಟೇ.

ಹೈದರಾಬಾದಿನಲ್ಲಿ ಕುದುರೆ ನೋಡುವ ಸಹಪಾಠಿಯೊಬ್ಬಳಿದ್ದಳು. ಆ ಔಷಧ ಕುದುರೆಗೂ ಬಳಸುತ್ತಾರೆ. ಫೋನಿನಲ್ಲಿ ಬೇಡಿಕೊಂಡೆ. ಹುಡುಕಿ ಕಳಿಸುತ್ತೇನೆ, ಎರಡು ಮೂರು ದಿನ ತಡಿ ಅಂದಳು. ತಡಿ ಅನ್ನುವ ಮಾತು ನನಗೆ ಹೇಳಬೇಕೆ? ಆಸ್ಪತ್ರೆಯಲ್ಲಿ ಕೂರಲಾಗಲಿಲ್ಲ. ಚಮೇಲಿ ಮೇದು ಬಂದ ಜಾಗ ನೋಡೋಣ ಅಂತ ರಜೆ ಹಾಕಿ ಮಾನ್ವಿಗೆ ಹೋದೆ.

ಮಾನ್ವಿಯ ಕಡೆ ಕಾಲುವೆ ತುಂಬಿ ಹರಿಯುತ್ತಿತ್ತು, ಕಣ್ಣು ಹಾಯಿಸಿದಷ್ಟೂ ಭತ್ತ. ದಂಡೆಯ ಮೇಲೆ ಉತ್ತರದಿಂದ ಕುರಿ ಹೊಡೆದುಕೊಂಡು ಬಂದವರ ಬಿಡಾರ, ಅವರ ಸಾಮಾನು ಹೊರುವ ಒಂಟೆಗಳು. ಹಸಿರು ನೋಡಿದರೆ ಯಾರಿಗಾದರೂ ಒಂಟೆಗಿದು ಸ್ವರ್ಗ ಅನ್ನಿಸಬೇಕು. ನನಗೆ ಕಾಣುತ್ತಿದ್ದದ್ದು ನಿಂತ ನೀರು, ಕೆಸರಲ್ಲಿ ಹೊರಳುವ ಎಮ್ಮೆ, ನೊಣ. ಪಾಪ, ಒಣ ನೆಲದ ಪ್ರಾಣಿ ಈ ಹಸಿಯ ಮಧ್ಯೆ ಬಂದು ಸಿಕ್ಕಿಕೊಂಡಿತ್ತು. ಅವರನ್ನು ಕೇಳಿಕೊಂಡು ಒಂದೊಂದರ ಸಗಣಿ ತೆಗೆದುಕೊಂಡೆ, ಮುಟ್ಟಗೊಟ್ಟ ಒಂಟೆಗಳ ರಕ್ತವನ್ನೂ. ಕೆಲವುಗಳ ತೊಡೆಯಲ್ಲಿ, ಕಂಕುಳಲ್ಲಿ ಕಜ್ಜಿ ಹಿಡಿದು ತೊಗಲು ಆನೆಯ ಚರ್ಮದಂತೆ ದಪ್ಪಗಾಗಿತ್ತು. ಅವರ ಪೈಕಿ ಹಿರಿಯನೊಬ್ಬ ಹರಕುಮುರಕು ಹಿಂದಿಯಲ್ಲಿ ನಾನು ಕೇಳಿದ್ದಕ್ಕೆ ನಕ್ಕ. ಹುಳ ಇಲ್ಲದ ಒಂಟೆಯನ್ನು ಅವನು ಕಂಡೇ ಇಲ್ಲವಂತೆ. ಸುರ್ರಾಕ್ಕೆ ಅವರ ಮಾತಿನಲ್ಲಿ ಮೂರು ವರ್ಷದ ರೋಗ ಅಂತ ಹೆಸರು. ಹಿಡಿದರೆ ಮೂರು ವರ್ಷ ಒಣಗಿಸುತ್ತದೆ, ಆಮೇಲೆ ಒಯ್ಯುತ್ತದೆ. ಮಳೆ ಬರುತ್ತದೆ ಅನ್ನುವಷ್ಟೇ ಸಲೀಸಾಗಿ ಹೇಳಿದ.

ರಾಯಚೂರಿಗೆ ಬಂದು ಪರಿಚಯದವರ ಪ್ರಯೋಗಾಲಯದಲ್ಲಿ ಕೂತು ನೋಡಿದೆ. ಸಗಣಿಯಲ್ಲಿ ಹುಳದ ತತ್ತಿ ಇಲ್ಲದ ಒಂಟೆ ಒಂದೂ ಸಿಗಲಿಲ್ಲ. ರಕ್ತದಲ್ಲಿ ಬಾಲ ಹೊಡೆಯುವ ಜೀವಿ ಕೂಡ ಎಲ್ಲದರಲ್ಲಿ ಅಲ್ಲದಿದ್ದರೂ ಸಿಕ್ಕಿತು. ಅವತ್ತು ನನಗೆ ಬಂದ ಸಂಕಟವೇ ಬೇರೆ ಥರದ್ದು. ಅಪರೂಪದ ರೋಗ ಹುಡುಕಿದೆ ಅಂತ ಒಳಗೊಳಗೆ ಬೀಗಿದ್ದೆ. ಇದು ಅಪರೂಪವಲ್ಲ, ಮಾಮೂಲು. ನಮ್ಮ ಕಣ್ಣ ಮುಂದೆಯೇ ಮೆರವಣಿಗೆಯಲ್ಲಿ ಗೆಜ್ಜೆ ಕಟ್ಟಿಕೊಂಡು ನಡೆಯುವ ಒಂಟೆಗಳು ಹೊಟ್ಟೆಯಲ್ಲಿ, ತೊಗಲಲ್ಲಿ, ರಕ್ತದಲ್ಲಿ ಇಷ್ಟೊಂದು ಹೊತ್ತುಕೊಂಡು ನಡೆಯುತ್ತವೆ. ಎತ್ತು ಎಮ್ಮೆಗೆ ಊರಿಗೊಂದು ಆಸ್ಪತ್ರೆ ಇದೆ. ಇವುಗಳದು ಯಾವ ಊರೂ ಅಲ್ಲ. ಕೇಳುವವರು ಯಾರು?

ಔಷಧ ಹೈದರಾಬಾದ್ ಬಸ್ಸಿನ ಚಾಲಕನ ಕೈಯಲ್ಲಿ ಬರುವುದಿತ್ತು. ಆಗ ಹಸ್ತ ಮಳೆ. ಬಸ್ಸು ಬರಲಿಲ್ಲ. ಎಲ್ಲೋ ರಸ್ತೆಯ ಮೇಲೆ ನೀರು ಬಂದಿದೆ ಅಂದರು. ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ನಾನು ಕುಡಿದ ಚಹಾಕ್ಕೆ ಲೆಕ್ಕವಿಲ್ಲ. ವಿಚಾರಣೆ ಕಿಟಕಿಯವನು ನನ್ನನ್ನು ಕಂಡರೆ ಪೇಪರು ಅಡ್ಡ ಹಿಡಿಯತೊಡಗಿದ. ಮಧ್ಯೆ ಮಧ್ಯೆ ಹುಸೇನಬಿಗೆ ಫೋನು. "ಅದಾಳರಿ, ಉಸಿರಾಡಾಕತ್ತಾಳ" ಅನ್ನುವುದೊಂದೇ ಉತ್ತರ. ಕೊನೆಗೆ ಬಸ್ಸು ಬಂತು. ಚಾಲಕ ಸೀಟಿನ ಕೆಳಗಿನಿಂದ ಸಣ್ಣ ಡಬ್ಬಿ ತೆಗೆದುಕೊಟ್ಟ. ಅವನಿಗೆ ಧನ್ಯವಾದ ಹೇಳಿದೆನೋ ಇಲ್ಲವೋ ನೆನಪಿಲ್ಲ, ದೇವದುರ್ಗದ ಬಸ್ಸಿಗೆ ಓಡಿದ್ದು ನೆನಪಿದೆ.

ಕಲ್ಮಲದ ಹತ್ತಿರ ಹಳ್ಳ ಬಂದು ಬಸ್ಸು ನಿಂತುಬಿಟ್ಟಿತು. ಜನ ಇಳಿದು ನೀರು ನೋಡುತ್ತ ಬೀಡಿ ಹಚ್ಚಿದರು. ನಾನು ಡಬ್ಬಿಯನ್ನು ಜಂಪರಿನೊಳಗೆ ಸಿಕ್ಕಿಸಿಕೊಂಡು, ಹುಲ್ಲು ಹೇರಿದ ಟ್ರ್ಯಾಕ್ಟರಿನವನನ್ನು ಕಾಡಿಬೇಡಿ, ಹುಲ್ಲಿನ ಮೇಲೆ ಕೂತು ಹಳ್ಳ ದಾಟಿದೆ. ಗಬ್ಬೂರು ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ತಾತನ ದನದ ಮನೆಗೆ ಓಡಿದವಳು ಬಾಗಿಲಲ್ಲೇ ನಿಂತೆ.

ಒಳಗೆ ಎಮ್ಮೆ ಒಂದೂ ಇರಲಿಲ್ಲ. ನೆಲ ಗುಡಿಸಿ ಸುಣ್ಣ ಎರಚಿದ್ದರು. ಉದ್ದನೆಯ ದನದ ಮನೆಯಲ್ಲಿ ಚಮೇಲಿ ಒಂದೇ, ಕತ್ತು ನೆಲಕ್ಕೆ ಚಾಚಿ ಮಲಗಿತ್ತು. ಹುಸೇನಬಿ ಅದರ ತಲೆಯ ಹತ್ತಿರ ಕೂತಿದ್ದಳು.

"ಎಮ್ಮಿ ಎಲ್ಲಿ? ಮಾರಿಬಿಟ್ರಾ?"

ಆಕೆ ಹಿತ್ತಲ ಕಡೆ ಕೈ ಮಾಡಿದಳು. ಹೋಗಿ ನೋಡಿದೆ. ಹಿತ್ತಲು ದಾಟಿ ಹೊಲದ ಬದುವಿನಲ್ಲಿ, ಜಾಲಿಗಳ ನಡುವೆ ತಾಡಪಾಲು ಕಟ್ಟಿ, ಅದರ ಕೆಳಗೆ ಎಮ್ಮೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ತಾಡಪಾಲು ಅರ್ಧಕ್ಕರ್ಧ ಹರಿದಿತ್ತು, ಮಳೆ ಎಮ್ಮೆಗಳ ಬೆನ್ನ ಮೇಲೇ ಇಳಿಯುತ್ತಿತ್ತು. ತಾತ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಮೇವಿನ ಸೂಡು ಬಿಚ್ಚುತ್ತಿದ್ದರು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಬ್ಯಾರೆ ಬ್ಯಾರೆ ಕಟ್ಟಬೇಕು ಅಂದ್ರೆಲ್ಲ, ಕಟ್ಟೀನ್ರಿ. ಬಂದವರನ್ನ ಹೊರಗ ಹಾಕಾಕ ನನಗ ಬರಂಗಿಲ್ಲ. ಇವು ನಮ್ಮವು, ಇವಕ್ಕ ಹೇಳಿದ್ರ ತಿಳಿತದ."

ಅವರ ಕಾಲು ಮುಟ್ಟಬೇಕು ಅನ್ನಿಸಿತು, ಮುಟ್ಟಲಿಲ್ಲ. ನನ್ನ ಸ್ವಭಾವದವಳಿಗೆ ಅದೂ ಸುಲಭವಲ್ಲ. ಒಳಗೆ ಬಂದು, ಔಷಧ ಕಲಸಿ, ಚಮೇಲಿಯ ಕುತ್ತಿಗೆಯ ತೊಗಲಿನ ಕೆಳಗೆ ನಿಧಾನಕ್ಕೆ ಏರಿಸಿದೆ. ಹುಸೇನಬಿ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದಳು. ಒಳಗೆ ಬಂದ ತಾತ ಗೋಡೆಗೆ ಒರಗಿ ನಿಂತು, ಕೊರಳ ಲಿಂಗ ಮುಟ್ಟಿಕೊಂಡು ಅವರದೇ ಏನೋ ಹೇಳಿಕೊಳ್ಳುತ್ತಿದ್ದರು. ನನಗೆ ಹೇಳಿಕೊಳ್ಳಲಿಕ್ಕೆ ಪಾಠದಲ್ಲಿ ಓದಿದ ತೂಕದ ಲೆಕ್ಕ ಬಿಟ್ಟರೆ ಬೇರೇನೂ ಇರಲಿಲ್ಲ.

ಚಿತ್ತಿ ಮಳೆಯ ಹೊತ್ತಿಗೆ ಚಮೇಲಿ ಎದ್ದು ನಿಂತಿತು. ಮೊದಲ ದಿನ ಬೇವಿನ ಟೊಂಗೆಯೊಂದನ್ನು ತಿಂದಿತೆಂದು ಹುಸೇನಬಿ ಫೋನಿನಲ್ಲಿ ಅರಚಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ರೆಪ್ಪೆಗೆ ಬಣ್ಣ ಮರಳಿತು, ಎದೆಯ ಬಾವು ಇಳಿಯಿತು. ಅತ್ತ ಮಳೆಗೆ ನೆನೆದ ಎಮ್ಮೆಗಳ ಹಾಲು ಕುಗ್ಗುತ್ತ ಹೋಯಿತು. ವರ್ತನೆಯ ಮನೆಗಳು ಒಂದೊಂದೇ ಬೇರೆ ಕಡೆ ಹಾಲು ಹಿಡಿದವು. ತಾತ ಒಂದು ದಿನ ತಾವೇ ಎಮ್ಮೆಯ ಕಿವಿ ಹಿಡಿದುಕೊಟ್ಟು, "ತಗೋರಿ ರಕ್ತ, ಇನ್ನೇನು ಮುಚ್ಚಿಡಾಕ ಉಳದಿಲ್ಲ" ಅಂದರು. ಒಂದು ಎಮ್ಮೆಯ ರಕ್ತದಲ್ಲಿ ನಾನು ಹುಡುಕುತ್ತಿದ್ದದ್ದು ಸಿಕ್ಕಿತು. ಎಲ್ಲಕ್ಕಿಂತ ಮಿಂಚುವ, ಎಲ್ಲಕ್ಕಿಂತ ಹೆಚ್ಚು ಹಾಲು ಕೊಡುತ್ತಿದ್ದ ಎಮ್ಮೆ ಅದು. ಅದಕ್ಕೆ ಅವರ ಆ ಹಳದಿ ಸೂಜಿಯನ್ನೇ ಹಾಕಿದೆ.

ಸ್ವಾತಿ ಮಳೆಯಲ್ಲಿ ಚಮೇಲಿ ಈಯಿತು. ಅಂದುಕೊಂಡದ್ದಕ್ಕಿಂತ ನಾಲ್ಕಾರು ದಿನ ಮುಂಚೆ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮರಿ ಪೂರ್ತಿ ಬೆಳೆದಿತ್ತು, ಉದ್ದನೆಯ ಕಾಲು, ಗುಂಗುರು ಕೂದಲು, ಹಾಲಿನ ಬಣ್ಣದ ಉಗುರು. ಉಸಿರು ಮಾತ್ರ ಇರಲಿಲ್ಲ. ತಾಯಿಯ ರಕ್ತ ನೀರಾಗಿದ್ದ ದಿನಗಳಲ್ಲೇ ಅದಕ್ಕೆ ಬೇಕಾದದ್ದು ಸಿಕ್ಕಿರಲಿಲ್ಲ. ಔಷಧ ಬರುವ ಮೊದಲೇ ಮರಿಯ ಹಣೆಬರಹ ಬರೆದಾಗಿತ್ತು. ಬಸ್ಸು ಮೊದಲೇ ಬಂದಿದ್ದರೆ, ಹಳ್ಳ ಬರದಿದ್ದರೆ ಅಂತ ನಾನು ಲೆಕ್ಕ ಹಾಕುತ್ತ ಅತ್ತಿತ್ತ ತಿರುಗಿದೆ. ಹುಸೇನಬಿ ಮರಿಯನ್ನು ತನ್ನ ಸೀರೆಯಲ್ಲಿ ಸುತ್ತಿ, ತಾತ ತೋಡಿಕೊಟ್ಟ ಕುಣಿಯಲ್ಲಿ ತಾನೇ ಇಟ್ಟಳು. ಅಳಲಿಲ್ಲ. ಮಣ್ಣು ಮುಚ್ಚಿ ಕೈ ತೊಳೆದುಕೊಂಡು, ಚಮೇಲಿಯ ಮೈ ಒರೆಸಲಿಕ್ಕೆ ಹೋದಳು. ಅದು ಎರಡು ದಿನ ಕುಣಿಯ ಕಡೆಗೇ ಕತ್ತು ಚಾಚಿ ಒರಲಿತು.

ಆ ವಾರದ ಕೊನೆಗೆ ಮತ್ತೆ ಹೋದೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ಮರುದಿನ ಹುಸೇನಬಿ ರಾಯಚೂರಿಗೆ ಹೊರಡುವವಳಿದ್ದಳು. ತಾತ ಕಟ್ಟೆಯ ಮೇಲೆ ಕೂತಿದ್ದರು, ನಾನೂ ಕೂತೆ. ಎಮ್ಮೆಗಳು ಅವತ್ತು ಬೆಳಗ್ಗೆ ಮನೆಗೆ ಸಾಲುವಷ್ಟೂ ಹಾಲು ಕೊಟ್ಟಿರಲಿಲ್ಲ. ತಾತ ಬೆಲ್ಲ ಹಾಕಿದ ಕರಿ ಚಹಾ ಕುಡಿದಿದ್ದರಂತೆ. ಹಾಲು ಹಾಕುವ ಮನೆಯಲ್ಲಿ ಅದು ಎಂದೂ ನಡೆದದ್ದಲ್ಲ.

ಹುಸೇನಬಿ ಒಳಗಿನಿಂದ ಬಂದಳು, ಕೈಯಲ್ಲಿ ಎರಡು ಸ್ಟೀಲಿನ ಲೋಟ. ಚಮೇಲಿಯ ಕೆಚ್ಚಲು ಬಿಗಿದು ನೋಯುತ್ತಿತ್ತಂತೆ, ಅದಕ್ಕೆ ಹಿಂಡಿದಳಂತೆ. ಹಿಂಡಿದ ಹಾಲನ್ನು ಕಾಸಿ, ಸಕ್ಕರೆ ಹಾಕಿ ತಂದಿದ್ದಳು. ಒಂದು ಲೋಟ ತಾತನ ಮುಂದೆ, ಒಂದು ನನ್ನ ಮುಂದೆ.

"ನಿಮ್ಮನಿ ಹಾಲು ನಮ್ಮಿಂದ ನಿಂತಾವ. ಇದನ್ನರ ಕುಡೀರಿ" ಅಂದಳು.

ನಾನು ತಾತನ ಕಿವಿಯ ಹತ್ತಿರ ಬಾಗಿದೆ. ಇಷ್ಟು ಬಲವಾದ ಔಷಧದ ಸೂಜಿ ಹಾಕಿದ ಪ್ರಾಣಿಯ ಹಾಲು ಇಷ್ಟು ಬೇಗ ಕುಡಿಯಬಾರದು, ಅದನ್ನು ಹೇಳಬೇಕಾದವಳೇ ನಾನು. ಪಿಸುಮಾತಿನಲ್ಲಿ ಹೇಳಿದೆ. ತಾತ ಲೋಟ ನೋಡಿದರು, ಹುಸೇನಬಿಯ ಮುಖ ನೋಡಿದರು.

"ತಿಳೀತ್ರಿ ಡಾಕ್ಟರಮ್ಮ" ಅಂದು, ಒಂದೇ ಗುಟುಕಿಗೆ ಎತ್ತಿ ಕುಡಿದುಬಿಟ್ಟರು.

ಹುಸೇನಬಿ ಈಗ ನನ್ನ ಕಡೆ ನೋಡುತ್ತಿದ್ದಳು. ಓದಿದ್ದೆಲ್ಲ ಒಂದು ಕಡೆ ನಿಂತು ಬೇಡ ಬೇಡ ಅನ್ನುತ್ತಿತ್ತು. ನಾಳೆ ಏನಾದರೆ ನಾಳೆ ನೋಡಿಕೊಂಡರಾಯಿತು ಅಂತ ಲೋಟ ಎತ್ತಿದೆ. ಬೆಚ್ಚಗಿತ್ತು, ಸಕ್ಕರೆಯ ಹಿಂದೆ ಎಲ್ಲೋ ಸ್ವಲ್ಪ ಉಪ್ಪು. ತಳದವರೆಗೆ ಕುಡಿದೆ. ನಾವಿಬ್ಬರೂ ಕುಡಿಯುವುದನ್ನೇ ನೋಡುತ್ತ ನಿಂತಿದ್ದ ಹುಸೇನಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅದರ ಮರಿ ಕುಡಿಬೇಕಿತ್ತರಿ" ಅಂದಳು. ಅಷ್ಟೇ ಅಂದದ್ದು. ಕುಣಿಯ ಹತ್ತಿರ ಅಳದವಳು ಅಲ್ಲೇ ಕಟ್ಟೆಯ ಕೆಳಗೆ ಕುಕ್ಕರಿಸಿ, ಮೈಯೆಲ್ಲ ಅಲುಗುವಂತೆ ಅತ್ತಳು.

ತಾತ ಖಾಲಿ ಲೋಟವನ್ನು ಆಕೆಯ ಕಡೆ ಚಾಚಿದರು.

"ಇನ್ನೊಂಚೂರು ಇದ್ರ ಹಾಕವ್ವಾ" ಅಂದರು.